ಉಡಿಗಾಲ ಸೀಮೆಯ ಅಜ್ಜಿಯರಿಗೆ: ನಾಯಿಕೆಮ್ಮಿನ ನೆನಪನ್ನು ಬರೆಸಿಡಿ



ಕಣ್ಣು ಮಂಜಾದವರಿಗೆ, ಅಕ್ಷರ ಕಲಿಯಲು ಬಿಡುವೇ ಸಿಗದಿದ್ದವರಿಗೆ ಈ ಕಾಗದವನ್ನು ಮೊಮ್ಮಕ್ಕಳು ಓದಿ ಹೇಳಲಿ. ನಿಮ್ಮಿಂದ ಒಂದು ಉಪಕಾರ ಬೇಡಿ ಬರೆಯುತ್ತಿದ್ದೇನೆ. ನೀವು ಹೆತ್ತ, ನೀರೆರೆದು ಬೆಳೆಸಿದ ಮಕ್ಕಳಲ್ಲಿ ಯಾರಿಗೆ ವರ್ಷ ತುಂಬುವ ಮೊದಲೇ ನಾಯಿಕೆಮ್ಮು ಬಂದಿತ್ತು, ಯಾರಿಗೆ ಎದೆಯಲ್ಲಿ ಕಫ ಕಟ್ಟಿ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೊತ್ತುಕೊಂಡು ಓಡಿದ್ದಿರಿ ಎಂಬುದನ್ನು ನೆನಪು ಮಾಡಿಕೊಂಡು ಯಾರ ಕೈಯಲ್ಲಾದರೂ ಬರೆಸಿಡಿ. ಆ ಸಂಗತಿ ಇವತ್ತು ನಿಮ್ಮ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ನಿಮ್ಮೊಂದಿಗೇ ಹೋಗಿಬಿಟ್ಟರೆ, ನಲವತ್ತು ದಾಟಿದ ಮಗನೋ ಮಗಳೋ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾ ವೈದ್ಯರ ಮುಂದೆ ಕೂತಾಗ, ಅದು ಎಲ್ಲಿಂದ ಶುರುವಾಗಿರಬಹುದು ಎಂದು ಹೇಳುವವರೇ ಇರುವುದಿಲ್ಲ.

ನಾಯಿಕೆಮ್ಮು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೊದಲ ಒಂದೆರಡು ವಾರ ಬರೀ ಶೀತದಂತೆ ಇರುತ್ತದೆ. ಆಮೇಲೆ ರಾತ್ರಿ ಹೊತ್ತು ಶುರುವಾಗುತ್ತದೆ, ಒಂದರ ಮೇಲೊಂದು ಕೆಮ್ಮು, ನಡುವೆ ಉಸಿರೆಳೆಯಲು ಸಂದಿಲ್ಲ. ಮುಖ ಕೆಂಪಾಗಿ, ಕಪ್ಪಿಟ್ಟು, ಕಣ್ಣುಗುಡ್ಡೆ ಹೊರಬಂದಂತಾಗಿ, ಕೊನೆಗೆ 'ಹೂಪ್' ಎಂದು ಉಸಿರನ್ನು ಒಳಗೆ ಎಳೆದುಕೊಂಡು, ಕುಡಿದ ಹಾಲನ್ನೆಲ್ಲ ಕಕ್ಕಿ, ಕೂಸು ಸೋತು ಮಡಿಲಲ್ಲಿ ಬೀಳುತ್ತದೆ. ಎರಡು ಮೂರು ತಿಂಗಳ ಹಸುಗೂಸಿಗೆ ಆ 'ಹೂಪ್' ಎನ್ನುವ ಶಕ್ತಿಯೂ ಇರುವುದಿಲ್ಲ. ಅದು ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತದೆ. ತುಟಿ ನೀಲಿಯಾಗುತ್ತದೆ. ಸದ್ದು ಮಾಡುವ ಕೆಮ್ಮಿಗಿಂತ ಸದ್ದಿಲ್ಲದ ಈ ಕೆಮ್ಮೇ ಹೆಚ್ಚು ಅಪಾಯದ್ದು. ಹೀಗಾದ ಕೂಸನ್ನು ಬೆಳಗಾಗಲಿ ಎಂದು ಇಟ್ಟುಕೊಂಡು ಕೂರಬಾರದು. ಆ ಕ್ಷಣವೇ 108ಕ್ಕೆ ಫೋನ್ ಮಾಡಿಸಬೇಕು.

ಇದನ್ನು ಉಂಟುಮಾಡುವ ರೋಗಾಣುವನ್ನು 1906ರಲ್ಲಿ ಬ್ರಸೆಲ್ಸ್‌ನಲ್ಲಿ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜೆಂಗು ಎಂಬಿಬ್ಬರು ಬೇರ್ಪಡಿಸಿ ಬೆಳೆಸಿದರು. ಅದರ ಹೆಸರು ಬೊರ್ಡೆಟೆಲ್ಲಾ ಪರ್ಟುಸಿಸ್. ನಮ್ಮ ಉಸಿರುನಾಳದ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲಿರುಳೂ ಧೂಳನ್ನು, ಕಫವನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ರೋಗಾಣು ಈ ರೋಮಗಳಿಗೇ ಕಚ್ಚಿಕೊಂಡು ವಿಷ ಬಿಡುತ್ತದೆ; ರೋಮ ಹೊತ್ತ ಕೋಶಗಳು ಸತ್ತು ಉದುರುತ್ತವೆ. ಕಫ ಮೇಲೇರುವ ದಾರಿ ಮುಚ್ಚಿದ್ದರಿಂದಲೇ ಕೂಸು ಅಷ್ಟೊಂದು ಕೆಮ್ಮುವುದು. ಅಜಿತ್ರೋಮೈಸಿನ್‌ನಂಥ ಔಷಧಿಯನ್ನು ಶೀತದ ಹಂತದಲ್ಲೇ ಕೊಟ್ಟರೆ ರೋಗದ ಬಿರುಸು ತಗ್ಗೀತು. ಕೆಮ್ಮು ಕಚ್ಚಿಕೊಂಡ ಮೇಲೆ ಕೊಟ್ಟರೆ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಕೆಮ್ಮು ಮಾತ್ರ ಅಷ್ಟು ಬೇಗ ಬಿಡುವುದಿಲ್ಲ. ಉದುರಿದ ರೋಮ ಮತ್ತೆ ಚಿಗುರಲು ವಾರಗಟ್ಟಲೆ ಬೇಕು. ಚೀನಾದಲ್ಲಿ ಇದನ್ನು ನೂರು ದಿನದ ಕೆಮ್ಮು ಎಂದೇ ಕರೆಯುತ್ತಾರೆ. ವಾಸಿಯಾದ ಮೇಲೂ ಕೆಲವು ತಿಂಗಳು ಸಣ್ಣ ಶೀತವಾದರೂ ಅದೇ ಥರದ ಕೆಮ್ಮು ಮರುಕಳಿಸಿದಂತೆ ಕಾಣುವುದುಂಟು. ಅದು ರೋಗ ಮತ್ತೆ ಬಂದದ್ದಲ್ಲ.

ಅಂತೂ ಕೆಮ್ಮು ನಿಲ್ಲುತ್ತದೆ. ಕೂಸು ಬದುಕುತ್ತದೆ. ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು, ಹರಕೆ ತೀರಿಸಿ ಬರುತ್ತೀರಿ. ಮನೆಯವರೆಲ್ಲ ಅದನ್ನು ಮರೆಯುತ್ತಾರೆ, ಮರೆಯಬೇಕಾದದ್ದೇ. ಆದರೆ ಎದೆಯ ಒಳಗಿನ ಲೆಕ್ಕ ಅಲ್ಲಿಗೆ ಮುಗಿದಿರುವುದಿಲ್ಲ. ನಾನು ಹೇಳಬೇಕಾದ ಮಾತು ಶುರುವಾಗುವುದೇ ಇಲ್ಲಿಂದ.

ಹುಟ್ಟಿದ ಕೂಸಿನ ಶ್ವಾಸಕೋಶ ಪೂರ್ತಿ ಬೆಳೆದಿರುವುದಿಲ್ಲ. ಗಾಳಿಯಿಂದ ಆಮ್ಲಜನಕ ಹೀರುವ ಸಣ್ಣ ಗಾಳಿಗೂಡುಗಳು ದೊಡ್ಡವರಲ್ಲಿ 30 ಕೋಟಿಗೂ ಮಿಗಿಲಾಗಿದ್ದರೆ ಆಗ ತಾನೇ ಹುಟ್ಟಿದ ಮಗುವಿನಲ್ಲಿ ಕೆಲವೇ ಕೋಟಿ ಇರುತ್ತವೆ. ಉಳಿದವುಗಳಲ್ಲಿ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿ ಹುಟ್ಟಿಕೊಳ್ಳುತ್ತವೆ. ಅಂದರೆ ನೀವು ನೀರೆರೆದು, ತೊಟ್ಟಿಲು ತೂಗಿ, ಅಂಗನವಾಡಿಗೆ ಕಳಿಸುವ ತನಕದ ಕಾಲವೇ ಎದೆ ಕಟ್ಟುವ ಕಾಲ. ಇಪ್ಪತ್ತು ಇಪ್ಪತ್ತೈದರ ಹೊತ್ತಿಗೆ ಶ್ವಾಸಕೋಶದ ಶಕ್ತಿ ತುದಿ ಮುಟ್ಟಿ, ಅಲ್ಲಿಂದಾಚೆಗೆ ವರ್ಷವರ್ಷವೂ ಒಂದಿಷ್ಟು ಇಳಿಯುತ್ತಾ ಹೋಗುತ್ತದೆ. ಹಿಂದೆ ಸುಗ್ಗಿಯಲ್ಲಿ ಹಗೇವಿಗೆ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಆಮೇಲೆ ತೆಗೆಯುವುದೇ ಹೊರತು ತುಂಬುವುದಿರಲಿಲ್ಲ, ಇದೂ ಹಾಗೆಯೇ. ತುಂಬುವಾಗಲೇ ಕಡಿಮೆ ಬಿದ್ದಿದ್ದರೆ, ಎಲ್ಲರಂತೆಯೇ ಖರ್ಚಾದರೂ ನಮ್ಮದು ಮೊದಲು ತಳ ಕಾಣುತ್ತದೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ನಡುವಯಸ್ಸಿನ ನಂತರ ಸಿಒಪಿಡಿ ಎಂಬ ಶ್ವಾಸನಾಳದ ಕಾಯಿಲೆ (ನೀವು ಗೂರಲು, ದಮ್ಮು ಎನ್ನುತ್ತೀರಲ್ಲ, ಅದರಲ್ಲಿ ಇದೂ ಸೇರಿದೆ) ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಶ್ವಾಸಕೋಶ ಬೇಗ ಸವೆದಿರಲಿಲ್ಲ. ಯೌವನದಲ್ಲೇ ಅವರ ಉಸಿರಿನ ಬಲ ಇರಬೇಕಾದ ಮಟ್ಟ ಮುಟ್ಟಿರಲಿಲ್ಲ.

ಹಾಗಾದರೆ ನಾಯಿಕೆಮ್ಮು ಎಷ್ಟು ಕಡಿಮೆ ಮಾಡುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಹಳೆಯ ದಾಖಲೆ ಪುಸ್ತಕದಿಂದ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಎಂಬ ಜಿಲ್ಲೆಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಹಿರಿಯ ದಾದಿಯ ಕೈಕೆಳಗಿನ ದಾದಿಯರು ಮನೆಮನೆಗೆ ಹೋಗಿ, ಹುಟ್ಟಿದ ಪ್ರತಿ ಕೂಸಿನ ತೂಕ, ವರ್ಷ ತುಂಬಿದಾಗಿನ ತೂಕ, ಆ ವರ್ಷದಲ್ಲಿ ಬಂದ ಕಾಯಿಲೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದರು. ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ ಮತ್ತು ಜೊತೆಗಾರರು ಆ ಪುಸ್ತಕಗಳನ್ನು ಹುಡುಕಿ ತೆಗೆದು, ಅದರಲ್ಲಿದ್ದ ಕೂಸುಗಳು 59ರಿಂದ 70ರ ಮುದುಕರಾಗಿದ್ದಾಗ ಅವರಲ್ಲಿ 825 ಜನರ ಉಸಿರನ್ನು ಯಂತ್ರದಲ್ಲಿ ಅಳೆದರು. 1991ರಲ್ಲಿ ಲೆಕ್ಕ ಹೊರಬಂತು. ಹಸುಗೂಸಾಗಿದ್ದಾಗ ನ್ಯುಮೋನಿಯಾ ಅಥವಾ ಎದೆಗಫ ಬಂದವರು ಒಂದು ಸೆಕೆಂಡಿನಲ್ಲಿ ಊದುವ ಗಾಳಿ ಉಳಿದವರಿಗಿಂತ ಸರಾಸರಿ 0.17 ಲೀಟರ್ ಕಡಿಮೆ. ನಾಯಿಕೆಮ್ಮು ಬಂದವರಲ್ಲಿ 0.22 ಲೀಟರ್ ಕಡಿಮೆ. ಅರವತ್ತು ವರ್ಷ ದಾಟಿದರೂ ತೊಟ್ಟಿಲ ಕಾಲದ ಕೆಮ್ಮು ಉಸಿರಿನಲ್ಲಿ ಅಳತೆಗೆ ಸಿಕ್ಕಿತು! ನಮ್ಮ ಕಡೆಯ ನಡುವಯಸ್ಸಿನ ಹೆಂಗಸು ಒಂದು ಸೆಕೆಂಡಿಗೆ ಊದುವುದು ಸುಮಾರು ಎರಡು ಲೀಟರ್ ಎಂದಿಟ್ಟುಕೊಂಡರೆ, 0.22 ಎಂಬುದು ಹತ್ತರಲ್ಲೊಂದು ಪಾಲು.

ಇದನ್ನೇ ಹಿಡಿದುಕೊಂಡು ಹೆದರಿಸುವುದು ನನಗೆ ಬೇಡ. ಹರ್ಟ್‌ಫರ್ಡ್‌ಶೈರಿನಲ್ಲಿ ಅಳೆದವರಲ್ಲಿ ನಾಯಿಕೆಮ್ಮು ಬಂದಿದ್ದವರ ಸಂಖ್ಯೆ ಚಿಕ್ಕದು, ಹಾಗಾಗಿ ಆ ಲೆಕ್ಕ ಅತ್ತಿತ್ತ ಆಗಬಹುದಾದದ್ದೇ. ಬ್ರಿಟನ್ನಿನಲ್ಲಿ 1958ರಲ್ಲಿ ಹುಟ್ಟಿದವರನ್ನು ಮೂವತ್ತೈದರ ಆಸುಪಾಸಿನಲ್ಲಿ ಅಳೆದಾಗ, ಬಾಲ್ಯದಲ್ಲಿ ನಾಯಿಕೆಮ್ಮು ಬಂದವರಲ್ಲಿ ಕೊರತೆ ಸುಮಾರು 40 ಮಿಲಿಲೀಟರ್ ಮಾತ್ರ ಕಂಡಿತು. ನ್ಯುಮೋನಿಯಾ ಬಂದವರಲ್ಲಿ ಅದು 100ರಷ್ಟಿತ್ತು. ಮೊದಲೇ ಎದೆ ದುರ್ಬಲವಾಗಿದ್ದ ಮಕ್ಕಳಿಗೇ ಕೆಮ್ಮು ಜೋರಾಗಿ ಹಿಡಿದಿರಬಹುದು ಎನ್ನುವ ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ನಾಯಿಕೆಮ್ಮು ಬಂದು ಹೋದ ಬಹುಪಾಲು ಮಕ್ಕಳು ಹೊಲ ಉತ್ತು, ಗುಡ್ಡ ಹತ್ತಿ, ಎಲ್ಲರಂತೆ ಬಾಳುತ್ತಾರೆ. ತೊಂದರೆ ಹೆಚ್ಚಾಗುವುದು ತೀರ ಎಳೆಯದರಲ್ಲಿ ಬಂದು, ಜೊತೆಗೆ ನ್ಯುಮೋನಿಯಾ ಕೂಡಿಕೊಂಡು, ಆಮೇಲೆ ಹೊಗೆ, ಧೂಳು, ಬೀಡಿ ಸೇರಿದವರಿಗೆ. ಅಪರೂಪಕ್ಕೆ ಕೆಲವರಲ್ಲಿ ಉಸಿರುನಾಳಗಳೇ ಹಿಗ್ಗಿ ಸಡಿಲವಾಗಿ ಕಫ ಒಳಗೇ ನಿಲ್ಲುತ್ತದೆ. ಅವರು ವರ್ಷಗಟ್ಟಲೆ ಬೆಳಗೆದ್ದು ಹಳದಿ ಕಫ ಉಗುಳುತ್ತಾರೆ.

ನಮ್ಮಲ್ಲೂ ಅಂಥ ಪುಸ್ತಕಗಳಿದ್ದವೇ? ಇದ್ದವು, ಮೈಸೂರಿನಲ್ಲಿ. ಮಿಷನ್ ಆಸ್ಪತ್ರೆ ಎಂದು ನೀವೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯಾದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬಾರ್ಕರ್ ತಂಡದವರು ಅಲ್ಲಿಯ ವೈದ್ಯರ ಜೊತೆಗೂಡಿ, ಅಲ್ಲಿ ಹುಟ್ಟಿದ್ದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ, 286 ಗಂಡಸರು ಹೆಂಗಸರ ಉಸಿರನ್ನು ಅಳೆದರು. ಆಗ ಅವರಿಗೆ 38ರಿಂದ 59 ವರ್ಷ. 1997ರಲ್ಲಿ ಬಂದ ಆ ವರದಿ ನಾಯಿಕೆಮ್ಮನ್ನು ನೋಡಲಿಲ್ಲ, ಹುಟ್ಟಿದ ತೂಕವನ್ನು ನೋಡಿತು. ಸಣ್ಣದಾಗಿ ಹುಟ್ಟಿದವರ ಉಸಿರಿನ ಬಲ ದೊಡ್ಡವರಾದ ಮೇಲೂ ಕಡಿಮೆ ಎಂದು ಕಂಡುಕೊಂಡಿತು. ಹುಟ್ಟಿದ ತೂಕದ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ನಿಜವಾದದ್ದು ನಮ್ಮ ಸೀಮೆಯಲ್ಲೂ ನಿಜ ಎಂದು ತೋರಿಸಿಕೊಟ್ಟಿದ್ದು ಮೈಸೂರಿನ ಆ ಹೆರಿಗೆ ಕೋಣೆಯ ಪುಸ್ತಕ.

ಅದೇ 1997ರಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದಕ್ಕೂ ಮೊದಲಿನ ಹಳ್ಳಿಯ ಕೂಸುಗಳು ಹೆಚ್ಚಾಗಿ ಸೂಲಗಿತ್ತಿಯ ಕೈಯಲ್ಲಿ, ಮನೆಯ ಮೂಲೆಯಲ್ಲಿ ಹುಟ್ಟಿದವು. ತೂಗಿದವರಿಲ್ಲ, ಬರೆದವರಿಲ್ಲ. ಕೆಮ್ಮಿದ್ದನ್ನು ಕಂಡವರು ನೀವೊಬ್ಬರೇ. ಅದಕ್ಕೇ ನಿಮ್ಮ ನೆನಪನ್ನು ಕೇಳುತ್ತಿದ್ದೇನೆ.

ಏನು ಬರೆಸಬೇಕು? ಹೆಚ್ಚೇನಿಲ್ಲ. ಎಷ್ಟು ತಿಂಗಳ ಕೂಸಾಗಿದ್ದಾಗ ಬಂತು, ಎಷ್ಟು ದಿನ ಕೆಮ್ಮಿತು, ಉಸಿರು ಕಟ್ಟಿತ್ತೇ, ಆಸ್ಪತ್ರೆಯಲ್ಲಿ ಮಲಗಿಸಿದ್ದರೇ. ವರ್ಷ ನೆನಪಿಲ್ಲದಿದ್ದರೆ ಆ ಸಲ ಯಾವ ಬರಗಾಲವಿತ್ತು, ಯಾರ ಮದುವೆಯಾಗಿತ್ತು ಎಂದು ಹೇಳಿದರೂ ಸಾಕು, ಮೊಮ್ಮಕ್ಕಳು ಲೆಕ್ಕ ಹಾಕಿಕೊಳ್ಳುತ್ತಾರೆ. ಈಗಿನ ಕೂಸುಗಳದ್ದಾದರೆ ತಾಯಿ ಕಾರ್ಡಿನ ಖಾಲಿ ಜಾಗದಲ್ಲೇ ಬರೆಸಿ, ಕೂಸು ದೊಡ್ಡದಾಯಿತೆಂದು ಕಾರ್ಡನ್ನು ಎಸೆಯಬೇಡಿ.

ಇದರಿಂದ ಆಗುವ ಉಪಯೋಗ ಕಣ್ಣಿಗೆ ಕಾಣುವಂಥದ್ದು. ನಾಯಿಕೆಮ್ಮು ಬಂದಿದ್ದ ಮಗ ದೊಡ್ಡವನಾಗಿ ಕರಿಕಲ್ಲು ಕ್ವಾರಿಗೋ, ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿನ ಮುಂದಕ್ಕೋ ಕೆಲಸಕ್ಕೆ ಹೊರಟರೆ, ನಿನ್ನ ಎದೆ ಎಳೆಯದರಲ್ಲೇ ಪೆಟ್ಟು ತಿಂದದ್ದು, ಆ ಧೂಳು ನಿನಗೆ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಅವನ ಕೈಗೆ ಬೀಡಿ ಬರುವ ಮೊದಲೇ ಹೇಳಬಹುದು. ನಲವತ್ತಕ್ಕೇ ಏದುಸಿರು ಬಂದರೆ ವೈದ್ಯರಿಗೆ ಇದನ್ನು ಹೇಳಿದಾಗ ಅವರು ಊದಿಸುವ ಪರೀಕ್ಷೆ ಮಾಡಿಸುತ್ತಾರೆ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಕೊಳವೆಯೊಳಕ್ಕೆ ಜೋರಾಗಿ ಊದಿ, ಆರು ಸೆಕೆಂಡಾದರೂ ನಿಲ್ಲಿಸದೆ ಊದಬೇಕು. ಸ್ಪೈರೋಮೆಟ್ರಿ ಎನ್ನುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ನಮ್ಮ ಕಡೆ ಈ ಪರೀಕ್ಷೆ ಮಾಡದೆಯೇ ವರ್ಷಾನುಗಟ್ಟಲೆ ಕೆಮ್ಮಿನ ಸಿರಪ್ ಕುಡಿದವರು ತುಂಬ ಜನ. ಒಂದು ಮಾತು: ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಹಳೆಯ ನಾಯಿಕೆಮ್ಮೇ ಕಾರಣ ಎಂದು ನೀವೇ ತೀರ್ಮಾನಿಸಬೇಡಿ, ಮೊದಲು ಕ್ಷಯದ ಕಫ ಪರೀಕ್ಷೆ ಆಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬರೆಸಿಟ್ಟರೆ ನಾಳೆ ಹೆಣ್ಣುಮಗಳಿಗೆ ಸಂಬಂಧ ಕೂಡಿಬರುವಾಗ ಅದನ್ನೇ ಕೊಂಕು ತೆಗೆಯುತ್ತಾರೆ ಎಂಬ ಅಂಜಿಕೆ ನಿಮ್ಮಲ್ಲಿ ಬಂದೀತು. ನಾಯಿಕೆಮ್ಮು ವಂಶದಿಂದ ಬರುವುದಲ್ಲ, ಅವಳ ಹೊಟ್ಟೆಯ ಮಕ್ಕಳಿಗೆ ದಾಟುವುದಲ್ಲ. ಬರೆದದ್ದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಲಿ. ಅದನ್ನು ನೋಡಬೇಕಾದವರು ಅವಳು ಮತ್ತು ಅವಳ ವೈದ್ಯರು, ಅಷ್ಟೇ.

ಈಗ ಬಾಣಂತಿ ಕೋಣೆಗೆ ಬರೋಣ, ಅಲ್ಲಿ ನಡೆಯುವುದು ನಿಮ್ಮ ಮಾತೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹಾಕುವ ನಿಮ್ಮ ಕೈಗೆ ಸಮನಾದದ್ದು ಯಾವ ಆಸ್ಪತ್ರೆಯಲ್ಲೂ ಇಲ್ಲ. ಅದು ನಡೆಯಲಿ. ಆದರೆ ಅದರ ಹಿಂದೆಯೇ ನಡೆಯುವ ಎರಡು ಕೆಲಸ ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು, ಮೂಗಿಗೆ ಎಣ್ಣೆ ಬಿಡುವುದು. ಆ ತೊಟ್ಟು ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರಬಹುದು. ಅದರಿಂದ ಬರುವ ನ್ಯುಮೋನಿಯಾವನ್ನು ಮಕ್ಕಳ ವೈದ್ಯರು ಇವತ್ತಿಗೂ ನೋಡುತ್ತಾರೆ. ಎರಡು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಆ ಹೊಗೆಯಲ್ಲಿ ಕೂಸನ್ನು ಹಿಡಿಯುವುದು. ತಲೆಗೂದಲು ಆರಲಿ, ಶೀತ ಹಿಡಿಯದಿರಲಿ ಎಂಬುದೇ ಉದ್ದೇಶ, ನನಗೆ ಗೊತ್ತು. ಕದ ಮುಚ್ಚಿದ ಸಣ್ಣ ಕೋಣೆಯಲ್ಲಿ ಆ ಹೊಗೆ ದೊಡ್ಡವರ ಕಣ್ಣಲ್ಲೇ ನೀರು ತರಿಸುತ್ತದೆ. ಕೂಸು ನಮಗಿಂತ ಎರಡು ಮೂರು ಪಟ್ಟು ವೇಗವಾಗಿ ಉಸಿರಾಡುತ್ತದೆ, ಅದರ ಗಾಳಿಗೂಡುಗಳು ಹುಟ್ಟುತ್ತಿರುವ ಹೊತ್ತು ಅದು. ಒಣ ಬಟ್ಟೆಯಲ್ಲಿ ಒರೆಸಿ ಬೆಚ್ಚಗೆ ಸುತ್ತಿದರೆ ಸಾಕು. ನಾಯಿಕೆಮ್ಮು ಬಂದು ಹೋದ ಮನೆಯಲ್ಲಂತೂ ಕೂಸಿನ ಹತ್ತಿರ ಸಾಂಬ್ರಾಣಿ, ಸೊಳ್ಳೆಬತ್ತಿ ಎರಡೂ ಬೇಡ.

ಕತ್ತೆ ಹಾಲು ಮಾರುವವರು ಬೀದಿಗೆ ಬಂದು ಒಂದು ಒಳಲೆ ಹಾಲಿಗೆ ಕೇಳುವ ದುಡ್ಡು ನಿಮಗೇ ಗೊತ್ತು. ಕಾಯಿಸದ ಹಾಲು ಹಸುಗೂಸಿಗೆ ಭೇದಿ ತರಬಹುದು, ಕೆಮ್ಮಿಗೆ ಅದರಿಂದ ಗುಣವೆಂದು ಸಿದ್ಧವಾಗಿಲ್ಲ. ಹೊಟ್ಟೆಗೆ ಬರೆ ಹಾಕುವುದು, ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದು ಇವೆರಡೂ ಬೇಡವೇ ಬೇಡ. ಕೆಮ್ಮಿದ ಮೇಲೆ ಸ್ವಲ್ಪಸ್ವಲ್ಪವಾಗಿ, ಪದೇಪದೇ ಮೊಲೆಹಾಲು ಕೊಡಿಸಿ.

ಇಷ್ಟೆಲ್ಲ ಬರದಂತೆ ಮಾಡುವ ಉಪಾಯವಂತೂ ನಿಮ್ಮ ಊರಿಗೇ ಬರುತ್ತದೆ, ಗುರುವಾರ ಲಸಿಕೆಯ ದಿನ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಮೂರು ಪೆಂಟಾವೇಲೆಂಟ್ ಸೂಜಿ. ಆಮೇಲೆ 16ರಿಂದ 24 ತಿಂಗಳ ಒಳಗೆ ಒಂದು ಡಿಪಿಟಿ, 5ರಿಂದ 6 ವರ್ಷದ ನಡುವೆ ಇನ್ನೊಂದು. ಮೊದಲ ಸೂಜಿಗೆ ಕಾಲು ಊದಿ ಜ್ವರ ಬಂತೆಂದು ಎರಡನೆಯದನ್ನು ನಿಲ್ಲಿಸುವುದು ಹೆಚ್ಚಾಗಿ ಅಜ್ಜಿಯ ಮಾತಿನ ಮೇಲೇ. ಮರುಕ ಸಹಜ. ಆ ಜ್ವರ ಒಂದೆರಡು ದಿನದ್ದು, ನರ್ಸಮ್ಮ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಫಿಟ್ಸ್ ಬಂದರೆ, ಕೂಸು ಎಚ್ಚರ ತಪ್ಪಿದರೆ ಮಾತ್ರ ಮುಂದಿನ ಸೂಜಿಗೆ ಮೊದಲು ವೈದ್ಯರಿಗೆ ಹೇಳಲೇಬೇಕು. ಬ್ರಿಟನ್ನಿನವರು 1970ರ ದಶಕದಲ್ಲಿ ಇದೇ ಲಸಿಕೆಗೆ ಹೆದರಿ ಮಕ್ಕಳಿಗೆ ಹಾಕಿಸುವುದನ್ನು ಬಿಟ್ಟರು. ಹತ್ತರಲ್ಲಿ ಎಂಟು ಮಕ್ಕಳಿಗೆ ಸಿಗುತ್ತಿದ್ದದ್ದು ಹತ್ತರಲ್ಲಿ ಮೂರಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಲಕ್ಷ ಮೀರಿ ಮಕ್ಕಳು ನಾಯಿಕೆಮ್ಮಿಗೆ ಸಿಕ್ಕರು. ನಮ್ಮ ದೇಶಕ್ಕೆ ಡಿಪಿಟಿ ಲಸಿಕೆ ತಯಾರಿಸುತ್ತಾ ಬಂದ ಒಂದು ಸಂಸ್ಥೆ ನಿಮಗೆ ಬಹಳ ದೂರದಲ್ಲೇನೂ ಇಲ್ಲ. ಬಂಡೀಪುರ ದಾಟಿ ಊಟಿಯ ಆಚೆ ಕೂನೂರಿನಲ್ಲಿದೆ, 1907ರಲ್ಲಿ ಶುರುವಾದ ಪಾಶ್ಚರ್ ಸಂಸ್ಥೆ.

ಶುಂಠಿ ಕೆಲಸಕ್ಕೆ ವಯನಾಡಿಗೋ, ಕಾಫಿ ಕುಯ್ಲಿಗೆ ಕೊಡಗಿಗೋ ಹೋಗುವ ಮಕ್ಕಳು ಕೂಸನ್ನೂ ಕಟ್ಟಿಕೊಂಡು ಹೋದಾಗ ಸೂಜಿ ತಪ್ಪುತ್ತದೆ. ತಾಯಿ ಕಾರ್ಡನ್ನು ಬಟ್ಟೆಗಂಟಿನಲ್ಲಿ ನೀವೇ ಇಟ್ಟು ಕಳಿಸಿ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೂ ಅದೇ ಲಸಿಕೆ ಹಾಕುತ್ತಾರೆ. ತಿಂಗಳು ತಡವಾಗಿದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು.

ಒಂದೂವರೆ ತಿಂಗಳಿನ ಒಳಗಿನ ಕೂಸಿಗೆ ನಾಯಿಕೆಮ್ಮಿನಿಂದ ಕಾಯುವ ಯಾವ ಸೂಜಿಯ ಆಸರೆಯೂ ಇರುವುದಿಲ್ಲ. ಲಸಿಕೆಯ ಬಲ ವರ್ಷಗಳು ಕಳೆದಂತೆ ಕುಂದುವುದರಿಂದ ದೊಡ್ಡವರಿಗೂ ನಾಯಿಕೆಮ್ಮು ಬರುತ್ತದೆ, ಬರೀ ಬಿಡದ ಕೆಮ್ಮಾಗಿ. ಆ ಕೆಮ್ಮು ನಿಮ್ಮದೇ ಆಗಿರಬಹುದು. ವಾರಗಟ್ಟಲೆ ಕೆಮ್ಮುತ್ತಿದ್ದರೆ, ವೈದ್ಯರಿಗೆ ತೋರಿಸಿಕೊಳ್ಳುವ ತನಕ ಕೂಸನ್ನು ಎತ್ತಿಕೊಳ್ಳಬೇಡಿ. ಕಷ್ಟದ ಮಾತು ಎಂದು ಬಲ್ಲೆ. ಔಷಧಿ ಶುರುವಾಗಿ ಐದು ದಿನ ಕಳೆದರೆ ಹರಡುವ ಭಯ ಇರುವುದಿಲ್ಲ.

ಕಡೆಗೆ ನಿಮ್ಮ ಎದೆಯ ವಿಷಯ. ಗ್ಯಾಸು ಬಂದಿದ್ದರೂ ಹಂಡೆ ನೀರು ಕಾಯಿಸಲು, ಹಿಟ್ಟು ತೊಳಸಲು ಸೌದೆ ಒಲೆಯೇ ಇರುವ ಮನೆಗಳು ಬೇಕಾದಷ್ಟಿವೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಮೈಸೂರು ಸುತ್ತಲ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ ಎಂಬುದನ್ನು ಗುಣಿಸಿದರೆ ಬರುವ ಸಂಖ್ಯೆ 60 ಮುಟ್ಟಿದಾಗ ಬಿಡದ ಕಫ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷಕ್ಕೇ ಅದು ಅರವತ್ತಾಯಿತು. ನಿಮ್ಮದನ್ನು ಗುಣಿಸಿ ನೋಡಿ. ನಿಮ್ಮಲ್ಲಿ ಹಲವರು ನೂರೈವತ್ತು ದಾಟಿರುತ್ತೀರಿ, ಮತ್ತು ನಿಮಗೂ ಎಳೆಯದರಲ್ಲಿ ನಾಯಿಕೆಮ್ಮು ಬಂದಿತ್ತೋ ಏನೋ, ಹೇಳಲು ನಿಮ್ಮ ಅವ್ವ ಇಲ್ಲ. ಸೊಸೆಯ ಲೆಕ್ಕ ಅಲ್ಲಿಗೆ ಮುಟ್ಟದಂತೆ, ಕೂಸನ್ನು ಸೊಂಟದಲ್ಲಿಟ್ಟುಕೊಂಡು ಅವಳು ಒಲೆ ಊದದಂತೆ ನೋಡಿಕೊಳ್ಳಿ. ಹಂಡೆ ಒಲೆಯನ್ನಾದರೂ ಗೋಡೆಯ ಹೊರಕ್ಕೆ ಹಾಕಿಸಿ. ನಿಮಗೆ ಬೆಳಗಿನ ಕೆಮ್ಮು, ಏದುಸಿರು ಇದ್ದರೆ 'ವಯಸ್ಸಾಯಿತು ಬಿಡಿ' ಎಂದು ಸುಮ್ಮನಿರದೆ ನೀವೂ ಒಮ್ಮೆ ಆ ಕೊಳವೆಯಲ್ಲಿ ಊದಿ ಬನ್ನಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿದರೆ ಮಾಡುತ್ತಾರೆ.

ಬರೆಸುವ ಕೆಲಸವನ್ನು ಈ ಕಾಗದ ಓದುತ್ತಿರುವ ಮೊಮ್ಮಗುವಿನ ಕೈಯಲ್ಲೇ ಶುರು ಮಾಡಿಸಿ. ಮೊದಲ ಹೆಸರು ಆ ಮಗುವಿನ ಅಪ್ಪನದೋ ಅವ್ವನದೋ ಆಗಿರಲಿ.

ಇಂತಿ,
ನಿಮ್ಮ ಸೀಮೆಯವಳೇ ಆದ ಒಬ್ಬಳು